ದೇವನಕ್ಕಿಯ ಬಾಣಂತನ

ನಮ್ಮ ಮನೆಗೆ ಮೊದಲ ಸಲ ಬಂದವರು ಸೋಫಾ ನೋಡುವುದಿಲ್ಲ, ಟಿ.ವಿ. ನೋಡುವುದಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿರುವ ಗಿಳಿಹಸಿರು ಬಣ್ಣದ ಪ್ಲಾಸ್ಟಿಕ್ ಮೊರವನ್ನು ನೋಡುತ್ತಾರೆ. ಅಂಚಿಗೆ ಮಿರಮಿರ ಮಿಂಚುವ ಜರಿ, ನಡುವೆ ಎಷ್ಟು ತಿಕ್ಕಿದರೂ ಹೋಗದ ಅರಿಶಿನದ ಕಲೆ. ಅದರಲ್ಲಿ ನಾನು ದಿನಾ ಕಸ ಎತ್ತುತ್ತೇನೆ. "ಬಾಗಿನದ ಮೊರದಲ್ಲಿ ಕಸ ಎತ್ತೋದಾ!" ಎಂದು ಎದುರುಮನೆಯಾಕೆ ಕೆನ್ನೆ ಕೆನ್ನೆ ಬಡಿದುಕೊಂಡರು. ನಾನು ನಕ್ಕು ಒಳಗೆ ಬಂದೆ. ಆ ಮೊರ ಕೆರೆಗೆ ಬೀಳದೆ ನನ್ನ ಮನೆ ಸೇರಿದ ಕಥೆ ಉದ್ದದ್ದು, ಅದನ್ನು ಗೇಟಿನ ಹತ್ತಿರ ನಿಂತು ಹೇಳಲಾಗುವುದಿಲ್ಲ. ನಿಮಗಾದರೆ ಹೇಳಬಹುದು, ನೀವು ಆರಾಮವಾಗಿ ಕೂತಿದ್ದೀರಿ.

ಮೊರ ಎಂದರೆ ನನಗೆ ಮೊದಲಿಂದಲೂ ಸ್ವಲ್ಪ ಅಳುಕು. ಅಮ್ಮ ಮೊರ ಹಿಡಿದು ಕೂತರೆ ಅಕ್ಕಿ ಒಂದು ಕಡೆ, ನುಚ್ಚು ಒಂದು ಕಡೆ, ಹೊಟ್ಟು ಗಾಳಿಗೆ. ಮೂರೂ ಅವಳು ಹೇಳಿದ ಮಾತು ಕೇಳುತ್ತಿದ್ದವು. ನಾನು ಕೇರಿದರೆ ಹೊಟ್ಟು ಮೊರದಲ್ಲೇ ಕೂತು ಅಕ್ಕಿ ಜಗಲಿಯಿಂದ ಕೆಳಕ್ಕೆ ಹಾರುತ್ತಿತ್ತು. ನಾನು ಮೊರಕ್ಕೆ ಕೈ ಹಾಕಿದ ಸದ್ದು ಕೇಳಿದರೆ ಸಾಕು, ಕೇರಿಯ ಕೋಳಿಗಳೆಲ್ಲ ನಮ್ಮ ಮನೆ ಮುಂದೆ ಹಾಜರಾಗುತ್ತಿದ್ದವು. "ಇವಳ್ನ ಕೊಟ್ಟ ಮನೇಲಿ ಕೋಳಿಗಳು ಚೆನ್ನಾಗಿ ಕೊಬ್ತವೆ ಬುಡು" ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೊಟ್ಟಿದ್ದು ಕೆ.ಆರ್. ನಗರಕ್ಕೆ, ನಾಲೆ ನೀರಿನ ಭತ್ತದ ಸೀಮೆಗೆ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಎಲ್ಲೆಲ್ಲೂ ಗಿರಣಿ ಬಂದು ನನ್ನ ಮಾನ ಉಳಿಯಿತು.

ತವರು ಹುಣಸೂರು ತಾಲ್ಲೂಕು. ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಕ್ಕೆ ಹೋಗಬೇಕಾದ ಊರು, ಹೊಗೆಸೊಪ್ಪಿನ ಊರು. ಗೌರಿ ಹಬ್ಬದ ಹೊತ್ತಿಗೆ ಅಲ್ಲಿ ಮನೆಮನೆಯ ಬ್ಯಾರನ್ನೂ ಉರಿಯುತ್ತಿರುತ್ತದೆ. ಬ್ಯಾರನ್ ಎಂದರೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಬಿಟ್ಟು, ಕೆಳಗೆ ಸೌದೆ ಉರಿಸಿ ಬೇಯಿಸುವ ಎತ್ತರದ ಗೂಡು. ಅದರ ಉರಿ ಹೆಚ್ಚಾಗುವಂತಿಲ್ಲ, ಕಮ್ಮಿಯಾಗುವಂತಿಲ್ಲ. ಆದ್ದರಿಂದ ಗಂಡಸರಿಗೆ ಹಬ್ಬವೂ ಬ್ಯಾರನ್ ಬಾಗಿಲಲ್ಲೇ. ಆ ಸಿಹಿ ಘಾಟಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಒಬ್ಬಟ್ಟು ತಿನ್ನುವ ಆಸೆಯಾಗುತ್ತದೆ. ಡಾಕ್ಟರ ಹತ್ತಿರ ಇದನ್ನು ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಇದುವರೆಗೂ ಹೇಳಿಲ್ಲ.

ನಮ್ಮೂರ ಕೆರೆ ದೊಡ್ಡದೇನಲ್ಲ. ಏರಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಎಮ್ಮೆ ಮೈ ತೊಳೆಯುವವರು ಓಗೊಡುತ್ತಾರೆ. ಆದರೂ ನಮ್ಮ ಪಾಲಿಗೆ ಅದೇ ಗಂಗೆ. ಏರಿಯ ಮೇಲೆ ಚಪ್ಪಲಿ ಬಿಡಬೇಕು, ನೀರಿಗೆ ಉಗುಳಬಾರದು, ಮುಸ್ಸಂಜೆಯಲ್ಲಿ ಬಿಂದಿಗೆ ಮುಳುಗಿಸಿ ಬುಡುಬುಡು ಸದ್ದು ಮಾಡಬಾರದು, ಗಂಗವ್ವ ಮಲಗಿರುತ್ತಾಳೆ. ಮದುವೆಯಾದರೆ ಗಂಗೆ ಪೂಜೆ, ಬಾಣಂತಿ ಮೊದಲ ಸಲ ಹೊಸಿಲು ದಾಟಿದರೆ ಗಂಗೆ ಪೂಜೆ, ಗೌರಿ ಹಬ್ಬದ ಬೆಳಿಗ್ಗೆಯಂತೂ ಕೇರಿಯ ಹೆಂಗಸರೆಲ್ಲ ಸಾಲಾಗಿ ಹೋಗಿ ಕಲ್ಲು ಮೆಟ್ಟಿಲ ಮೇಲೆ ಪೂಜೆ ಮಾಡಿ, ಗಂಗೆಗೆ ಬಾಗಿನ ಬಿಟ್ಟು ಬರಬೇಕು. ಎರಡು ಬಿದಿರಿನ ಮೊರ, ಒಂದು ಕೆಳಗೆ, ಒಂದು ಮೇಲೆ. ನಡುವೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಬಿಚ್ಚೋಲೆ. ಮೊರ ಪಿರಿಯಾಪಟ್ಟಣದ ಸಂತೆಯಿಂದ ಬರುತ್ತಿತ್ತು. ನೀರಿಗೆ ಬಿಟ್ಟ ಬಾಗಿನದಲ್ಲಿ ಅಕ್ಕಿ ಬೇಳೆ ಮೀನಿಗೆ, ಕಾಯಿ ಈಜು ಬಲ್ಲ ಹುಡುಗರಿಗೆ, ಮೊರ ಕೊಳೆತು ಕೆರೆಯ ಗೋಡುಮಣ್ಣಿಗೆ. ಯಾವುದೂ ದಂಡವಾಗುತ್ತಿರಲಿಲ್ಲ.

ಆ ಕೆರೆಯ ತುಂಬ ತಾವರೆ, ತಾವರೆಯ ಮೇಲೆ ದೇವನಕ್ಕಿ ಎಂಬ ಹಕ್ಕಿ. ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ ಕೇಳಿ. ಕಪ್ಪು ಮೈ, ಬಿಳಿ ರೆಕ್ಕೆ, ಕತ್ತಿನ ಹಿಂದೆ ಚಿನ್ನ ಸವರಿದ ಹಾಗೆ ಹಳದಿ, ಮಳೆಗಾಲದಲ್ಲಿ ಬಾಗಿದ ಉದ್ದನೆಯ ಬಾಲ. ಇಷ್ಟುದ್ದ ಕಾಲ್ಬೆರಳುಗಳನ್ನು ಅಗಲಿಸಿಕೊಂಡು ನೀರಿನ ಮೇಲೆ ತೇಲುವ ಎಲೆಯಿಂದ ಎಲೆಗೆ ನಡೆದೇ ಹೋಗುತ್ತದೆ. "ದೇವನಕ್ಕಿ ನಡುದ್ರೆ ಎಲೆ ಮುಳುಗಾಕಿಲ್ಲ" ಎಂದು ಅಜ್ಜಿ ಹೇಳುತ್ತಿದ್ದಳು. ಅಷ್ಟು ಹಗುರವಾದ ಪಾದ ಅದಕ್ಕೆ ಮಾತ್ರವೇ ಏಕಿರಬೇಕು ಎಂದು ನನಗೆ ಹೊಟ್ಟೆಕಿಚ್ಚು. ಒಂದು ದಿನ ಯಾರೂ ನೋಡದ ಹೊತ್ತಿನಲ್ಲಿ ಮೆಟ್ಟಿಲ ಪಕ್ಕದ ದೊಡ್ಡ ಎಲೆಯೊಂದರ ಮೇಲೆ ಕಾಲಿಟ್ಟೆ. ಎಲೆಗೂ ನನಗೂ ಕ್ಷಣಮಾತ್ರದ ಪರಿಚಯ. ಆಮೇಲೆ ಕಣ್ಣು, ಮೂಗು, ಬಾಯಿಗೆಲ್ಲ ಕೆರೆ. ನನ್ನನ್ನು ಜಡೆ ಹಿಡಿದು ಎಳೆದು ದಡಕ್ಕೆ ಹಾಕಿದವರು ಚಿಕ್ಕೇಗೌಡ ಮಾವ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಕೂಸಿನ ಬಟ್ಟೆ ಒಗೆಯುತ್ತಿದ್ದರು.

ಗಂಡಸು ಕೂಸಿನ ಬಟ್ಟೆ ಒಗೆಯುವುದು ಆ ಕಾಲಕ್ಕೆ ಊರಿಗೇ ತಮಾಷೆ. ಮಾವ ಎಂದರೆ ನನ್ನ ಅಪ್ಪನ ತಂಗಿ ಸಾಕತ್ತೆಯ ಗಂಡ. ಅತ್ತೆಯನ್ನು ಅದೇ ಊರಿಗೆ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಕೊಟ್ಟಿದ್ದರು. ಅವಳಿಗೆ ಚೊಚ್ಚಲ ಹೆರಿಗೆಯಾಗಿ, ನಂಜೇರಿ, ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿಬಿಟ್ಟಳು. ಅಜ್ಜಿ ಅಲ್ಲಿ ಅವಳ ಮಗ್ಗುಲಲ್ಲಿ. ಇಲ್ಲಿ ಮಾವನ ಮನೆಯಲ್ಲಿ ಮಾವ ಮತ್ತು ಕೂಸು, ಇಬ್ಬರೇ. ಅಮ್ಮ ಹೋಗಿ ಕೂಸಿಗೆ ನೀರು ಹಾಕಿ ಬರುತ್ತಿದ್ದಳು. "ನಮ್ಮನೇಲಿ ಬುಡಿ ಅಣ್ಣ" ಎಂದರೆ ಮಾವ ಕೊಡುತ್ತಿರಲಿಲ್ಲ. ಮೇಕೆ ಹಾಲನ್ನು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸುವುದು, ಸಾಂಬ್ರಾಣಿ ಹೊಗೆ ಹಾಕುವುದು, ತಟ್ಟಿ ಮಲಗಿಸುವುದು, ಎಲ್ಲ ಅವರೇ. ಊರು ಅವರಿಗೆ 'ಬಾಣಂತಿ ಚಿಕ್ಕೇಗೌಡ' ಎಂದು ಹೆಸರಿಟ್ಟಿತು. ಅವರು ಏರಿಯ ಮೇಲೆ ಬಟ್ಟೆ ಗಂಟು ಹೊತ್ತು ಹೋಗುವಾಗ ಮಕ್ಕಳು ಹಿಂದೆ ಹಿಂದೆ ಜೋಗುಳ ಹಾಡಿಕೊಂಡು ಹೋಗುತ್ತಿದ್ದೆವು. ಮೊದಲೇ ಮಾತು ಕಮ್ಮಿ ಇದ್ದ ಮನುಷ್ಯ, ಆಮೇಲೆ ಇನ್ನೂ ಕಮ್ಮಿ ಮಾಡಿಕೊಂಡರು.

ಎಲ್ಲಿಂದ ಎಲ್ಲಿಗೋ ಹೋದೆ. ಮೊರಕ್ಕೆ ಬರುತ್ತೇನೆ, ಆದರೆ ದಾರಿಯಲ್ಲಿ ತೊಂಬೆ ಸಿಗುತ್ತದೆ.

ಬೋರ್‌ವೆಲ್ ಬಂತು. ಬೀದಿಬೀದಿಗೂ ಸಿಮೆಂಟಿನ ನೀರಿನ ತೊಂಬೆ ಬಂತು, ಆಮೇಲೆ ಮನೆಮನೆಗೂ ನಲ್ಲಿ. ಕೆರೆಯಿಂದ ನೀರು ಹೊರುವುದು ತಪ್ಪಿದ ದಿನವೇ ಕೆರೆಯ ಮೇಲಿದ್ದ ಭಯವೂ ತಪ್ಪಿತು. ಏರಿಯ ಮೇಲೆ ಬೈಕುಗಳು ಓಡಿದವು. ಹೊಗೆಸೊಪ್ಪಿನ ಸಸಿ ಬೆಳೆಸುವ ಕಪ್ಪು ಪ್ಲಾಸ್ಟಿಕ್ ತಟ್ಟೆಗಳು, ಔಷಧಿ ಬಾಟಲಿ, ಕೋಳಿ ಅಂಗಡಿಯ ಪುಕ್ಕ, ಹಬ್ಬದ ಊಟದ ಎಲೆಯಲ್ಲದ ಪ್ಲಾಸ್ಟಿಕ್ ಎಲೆಗಳು, ಎಲ್ಲವೂ ಕೆರೆಗೆ. ಔಷಧಿ ಹೊಡೆಯುವ ಮಿಷನ್ನನ್ನು ತೊಳೆಯುವುದಂತೂ ಕಲ್ಲು ಮೆಟ್ಟಿಲ ಮೇಲೆಯೇ. ಇದರಲ್ಲಿ ಚಿಕ್ಕೇಗೌಡ ಮಾವನೂ ಯಾರಿಗೂ ಕಮ್ಮಿಯಿರಲಿಲ್ಲ. ನೀರು ಒಂದು ವರ್ಷ ಹಸಿರಾಯಿತು, ಒಂದು ವರ್ಷ ನೊರೆಯಾಯಿತು. ತಾವರೆ ಸುರುಟಿತು. ದೇವನಕ್ಕಿ ಯಾವ ವರ್ಷ ಬರುವುದು ಬಿಟ್ಟಿತೆಂದು ಯಾರೂ ಗಮನಿಸಲೂ ಇಲ್ಲ.

ಅಂಥ ನೀರಿನಲ್ಲಿ ಗಂಗೆ ಪೂಜೆ ಹೇಗೆ ಮಾಡುವುದು? ಹೆಂಗಸರು ಉಪಾಯ ಕಂಡುಕೊಂಡರು. ತೊಂಬೆಗೇ ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟು, ನಲ್ಲಿಗೆ ಬಳೆ ತೊಡಿಸಿ ಅದಕ್ಕೇ ಪೂಜೆ ಮಾಡತೊಡಗಿದರು. ನಗಬೇಡಿ, ನಾನೂ ಮಾಡಿದ್ದೇನೆ. ಒಂದು ವರ್ಷ ತಂಬಿಟ್ಟಿನ ಆರತಿ ಎತ್ತಿ 'ಗಂಗೇ ತಾಯಿ' ಎಂದು ಹಾಡು ಶುರುಮಾಡುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ತೊಂಬೆ ತುಂಬಿ ಉಕ್ಕಿ ನಮ್ಮ ತಲೆಯ ಮೇಲೆ, ರೇಷ್ಮೆ ಸೀರೆಯ ಮೇಲೆ, ಆರತಿಯ ಮೇಲೆ ಸುರಿಯಿತು. ಕೆಲವರು ಗಂಗೆ ಒಲಿದಳೆಂದರು. ನನಗೇನೋ ಒಲಿದಂತೆ ಕಾಣಲಿಲ್ಲ.

ತೊಂಬೆ ಪೂಜೆಗೆ ಒಂದೇ ಒಂದು ವರ್ಷವೂ ಬಾರದವಳು ಸಾಕತ್ತೆ. "ಕರೆಂಟ್ ಓದ್ರೆ ಓಗ್ಬುಡೋ ಗಂಗೆ ಕಣಮ್ಮಿ ಅದು. ಅಂಥೋಳ ತಾವ ಗಂಡನ ಆಯಸ್ಸು ಕೇಳದಾ?" ಎಂದು ಒಬ್ಬಳೇ ಬಿಂದಿಗೆ ಎತ್ತಿಕೊಂಡು ಕೆರೆಗೆ ಹೋಗುತ್ತಿದ್ದಳು. ಹೋದವಳು ಸುಮ್ಮನೆ ಬರುತ್ತಿರಲಿಲ್ಲ. ದಿನಾ ಹಸುವಿಗೆ ಹುಲ್ಲು ಕೊಯ್ಯಲು ಕೆರೆ ಅಂಚಿಗೆ ಹೋದಾಗ ಕುಡುಗೋಲಿನ ಮೊನೆಯಲ್ಲಿ ಒಂದಿಷ್ಟು ಕವರು, ಒಂದೆರಡು ಬಾಟಲಿ ಎಳೆದು ದಡಕ್ಕೆ ಹಾಕಿ, ಹುಲ್ಲಿನ ಹೊರೆಯ ಮೇಲೆ ಕಟ್ಟಿಕೊಂಡು ಬರುವಳು. ಯಾರಿಗೂ ಬುದ್ಧಿ ಹೇಳಲಿಲ್ಲ, ಯಾರ ಮೇಲೂ ದೂರು ಕೊಡಲಿಲ್ಲ. ಊರು ಅವಳಿಗೂ 'ಗುಜರಿ ಸಾಕಮ್ಮ' ಎಂದು ಹೆಸರಿಟ್ಟಿತು. ಹೆಸರಿಡುವುದರಲ್ಲಿ ನಮ್ಮೂರು ಯಾವತ್ತೂ ಜಿಪುಣತನ ಮಾಡಿದ್ದಿಲ್ಲ. "ನಿಂಗ್ಯಾಕ್ ಅತ್ತೆ ಇದೆಲ್ಲ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಉಲ್ಲು ಕುಯ್ತಾ ಕುಯ್ತಾ ಇನ್ನೊಂದ್ ಕೈ ಸುಮ್ಕೆ ಇರ್ತದಲ್ಲ ಕಣಮ್ಮಿ" ಎಂದಳು. ಎರಡೂ ಕೈ ಇಲ್ಲದೆ ಹುಲ್ಲು ಕೊಯ್ಯಲಾಗುವುದಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಒಂದು ಕುಡುಗೋಲಿನಿಂದ ಕೆರೆ ತಿಳಿಯಾಗುತ್ತದೆಂದು ನಾನು ನಂಬಿರಲಿಲ್ಲ. ನಿಜ ಹೇಳಬೇಕೆಂದರೆ ಪೂರ್ತಿ ಆಗಲೂ ಇಲ್ಲ. ಆದರೆ ಅವಳನ್ನು ನೋಡಿ ಹುಲ್ಲಿಗೆ ಬರುವ ಇನ್ನಿಬ್ಬರು ಹೆಂಗಸರು ಶುರುಮಾಡಿದರು. ಕೋಳಿ ಅಂಗಡಿಯವನಿಗೆ ನಾಚಿಕೆಯಾಗಿ ಗುಂಡಿ ತೋಡಿಸಿದ. ಎರಡು ವರ್ಷ ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಬಿತ್ತು. ಕೆಸರಲ್ಲಿ ಎಲ್ಲೋ ಹುದುಗಿದ್ದ ತಾವರೆ ಗಡ್ಡೆ ಎಲೆ ಬಿಟ್ಟಿತು. ಆಗ ಹೆಂಗಸರೆಲ್ಲ ತೊಂಬೆಗೆ ಕೈಮುಗಿದು ಮತ್ತೆ ಕೆರೆಗೆ ಬಂದರು. ಬರುವಾಗ ರೆಡಿಮೇಡ್ ಬಾಗಿನ ತಂದರು.

ಹುಣಸೂರಿನ ಅಂಗಡಿಗಳಲ್ಲಿ ಈಗ ಅದೇ ಸಿಗುವುದು. ಪ್ಲಾಸ್ಟಿಕ್ ಮೊರ, ಪ್ಲಾಸ್ಟಿಕ್ ಬಾಚಣಿಗೆ, ಪ್ಲಾಸ್ಟಿಕ್ ಬಳೆ, ಅಕ್ಕಿಗೊಂದು ಕವರು, ಬೇಳೆಗೊಂದು ಕವರು, ಎಲ್ಲಕ್ಕೂ ಸೇರಿಸಿ ಹೊರಗೆ ಬಿರಬಿರ ಎನ್ನುವ ಹಾಳೆ, ಅದಕ್ಕೊಂದು ರಿಬ್ಬನ್ನು. ನೋಡಲು ಬಹಳ ಲಕ್ಷಣ. ನಾನೂ ಅದನ್ನೇ ಕೊಂಡೊಯ್ಯುತ್ತಿದ್ದೆ. ಎಚ್.ಡಿ. ಕೋಟೆಯ ಹಂಪಾಪುರಕ್ಕೆ ಕೊಟ್ಟಿರುವ ನನ್ನ ತಂಗಿಯೂ ಅದನ್ನೇ ತರುತ್ತಿದ್ದಳು. ಗಂಗೆಗೆ ಬಿಟ್ಟ ಬಾಗಿನ ಮುಳುಗುತ್ತಿರಲಿಲ್ಲ, ಕೊಳೆಯುತ್ತಲೂ ಇರಲಿಲ್ಲ. ಮೀನುಗಳು ಕವರಿನ ಹೊರಗಿನಿಂದ ಅಕ್ಕಿ ನೋಡಿಕೊಂಡು ಹೋಗುತ್ತಿದ್ದವು. ಹಬ್ಬದ ಮಾರನೆಯ ದಿನದಿಂದ ಸಾಕತ್ತೆಯ ಕುಡುಗೋಲಿಗೆ ಕೈತುಂಬ ಕೆಲಸ. ಇದನ್ನೊಂದು ಬಿಡಿ ಎಂದು ಹೇಳಲು ಅವಳಿಗೂ ಬಾಯಿ ಬರುತ್ತಿರಲಿಲ್ಲ. ಬಾಗಿನ ಎಂದರೆ ಗಂಡಂದಿರ ಆಯಸ್ಸಿನ ಮಾತು, ಕಸದ ಮಾತಲ್ಲ.

ಹೋದ ವರ್ಷದ ಹಬ್ಬಕ್ಕೆ ನಾನೂ ನನ್ನವರೂ ಒಂದು ದಿನ ಮುಂಚೆಯೇ ಹೋದೆವು. ನನ್ನವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಹಕ್ಕಿ ನೋಡುವ ಹವ್ಯಾಸ ಹಚ್ಚಿಕೊಂಡಿದ್ದಾರೆ. ಮನೆಯಲ್ಲಿ ಎದುರಿಗೇ ಇರುವ ಉಪ್ಪಿನ ಡಬ್ಬಿ ಕಾಣದ ಕಣ್ಣಿಗೆ ಅರ್ಧ ಮೈಲಿ ಆಚೆಯ ಕೊಕ್ಕರೆಯ ಕಾಲಿನ ಬಣ್ಣ ಕಾಣುತ್ತದೆ. ನಾವು ಹೋಗಿ ಕಾಫಿ ಕುಡಿದೆವೋ ಇಲ್ಲವೋ, ಸಾಕತ್ತೆ ನನ್ನ ರಟ್ಟೆ ಹಿಡಿದು ಕೆರೆಗೆ ಎಳೆದುಕೊಂಡು ಹೋದಳು.

"ಮಾತಾಡ್ಬ್ಯಾಡ. ಅಲ್ನೋಡು" ಎಂದಳು.

ಮೆಟ್ಟಿಲಿಂದ ನಾಲ್ಕು ಮಾರು ಆಚೆ, ತಾವರೆ ಎಲೆಗಳ ಮೇಲೆ, ಜೊಂಡಿನ ಚೂರುಗಳನ್ನು ಗುಡ್ಡೆ ಹಾಕಿದಂತಿದ್ದ ಒಂದು ಗೂಡು. ಅದರ ಮೇಲೆ ದೇವನಕ್ಕಿ ಕಾವು ಕೂತಿತ್ತು. ಎದ್ದು ಒಮ್ಮೆ ಮಗ್ಗುಲು ಬದಲಿಸಿತು. ಕೆಳಗೆ ನಾಲ್ಕು ಮೊಟ್ಟೆ, ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಬಣ್ಣ. ಎಷ್ಟು ವರ್ಷದ ಮೇಲೆ ನೋಡಿದೆನೋ, ನನಗೆ ಅಳುವೇ ಬಂತು. ಗೂಡಿಗೆ ಗೋಡೆಯಿಲ್ಲ, ಸೂರಿಲ್ಲ, ಅಡಿಯಲ್ಲಿ ನೆಲವೂ ಇಲ್ಲ. ಒಂದು ಜೋರಾದ ಅಲೆ ಸಾಕು. ಇಂಥ ಜಾಗದಲ್ಲಿ ಮೊಟ್ಟೆಯಿಡುವ ಧೈರ್ಯ ಅದಕ್ಕೆ ನಮ್ಮ ಕೆರೆಯ ಮೇಲೆ ಹೇಗೆ ಬಂತೋ ಎನಿಸಿತು.

"ನಾಳೀಕೆ ಕೇರಿ ಬಾಗಿನೆಲ್ಲ ಇಲ್ಗೇ ಬೀಳ್ತವೆ" ಎಂದಳು ಅತ್ತೆ. "ಆ ಮೊರಗಳು ಮುಳುಗಾಕಿಲ್ಲ. ಗಾಳಿಗೆ ಓಗಿ ಗೂಡಿಗೇ ಬಡೀತವೆ. ಇಷ್ಟ್ ವರ್ಸಕ್ಕೆ ನಂಬ್ಕಂಡ್ ಬಂದದೆ ಕಣಮ್ಮಿ, ನಾಳೀಕ್ ಒಂದಿನ ಕಾದುಬುಟ್ರೆ ಸಾಕು."

ಬೆಳಿಗ್ಗೆ ನಾವು ಕೆರೆ ತಲುಪುವ ಹೊತ್ತಿಗೆ ಅತ್ತೆ ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದಳು. ಹೊಸ ಸೀರೆ, ಮುಡಿ ತುಂಬ ಹೂ. ಹೆಂಗಸರ ಸಾಲಿನ ಮುಂದೆ ನಂಜಕ್ಕ. ಕೇರಿಯ ಶಾಸ್ತ್ರಗಳಿಗೆಲ್ಲ ಅವಳೇ ಯಜಮಾನಿ, ದನಿಯೂ ಅದಕ್ಕೆ ತಕ್ಕ ಹಾಗಿದೆ. ನನ್ನವರು ಏರಿಯ ಮೇಲೆ ದುರ್ಬೀನು ಹಿಡಿದು ಕೂತಿದ್ದರು.

"ಒಸಿ ನಿಂತ್ಕಳ್ರವ್ವ" ಎಂದಳು ಅತ್ತೆ. "ಗಂಗವ್ವನ ಮನೇಲಿ ಬಾಣಂತಿ ಅವ್ಳೆ. ಅಲ್ನೋಡಿ, ಎಲೆ ಮ್ಯಾಲೆ. ಎರಿಗೆಗೆ ಅಂತ ತವರಿಗೆ ಬಂದವ್ಳೆ. ಬಾಣಂತಿ ಮನೆ ಬಾಗ್ಲಲ್ಲಿ ನೀವು ಜೋರಾಗಿ ಮಾತಾಡ್ತೀರಾ? ಪ್ಲಾಸ್ಟಿಕ್ ಎಸೀತೀರಾ? ಈ ವರ್ಸ ನೀರ್ಗೆ ಏನೂ ಬುಡದು ಬ್ಯಾಡ. ಮೆಟ್ಲ ಮ್ಯಾಲೆ ಪೂಜೆ ಮಾಡ್ಕಂಡು ಓಗವ."

ಹೆಂಗಸರು ಬಗ್ಗಿ ನೋಡಿದರು. "ಅಯ್ ಶಿವ್ನೆ, ಮೊಟ್ಟೆ!" ಎಂದಳು ಒಬ್ಬಳು. ಇನ್ನೊಬ್ಬಳು ಲೊಚಗುಟ್ಟಿದಳು. ತಾವೇ ತವರಿಗೆ ಬಂದ ಹೆಣ್ಣುಮಕ್ಕಳು ಅಲ್ಲಿ ಅರ್ಧಕ್ಕರ್ಧ. ಬಾಣಂತಿ ಎಂದರೆ ಕರಗದಿರುವುದು ಹೇಗೆ? ನಂಜಕ್ಕ ಮಾತ್ರ ಬಾಗಿನ ಎದೆಗವಚಿಕೊಂಡು ನಿಂತೇ ಇದ್ದಳು.

"ನನ್ ಯಜಮಾನ್ರಿಗೆ ಎದೆ ಆಪ್ರೇಸನ್ ಆಗದೆ ಸಾಕಕ್ಕ. ಗಂಗೆಗೆ ಬಾಗಿನ ಬುಡ್ತೀನಿ ಅಂತ ಅರ್ಕೆ ಒತ್ಕಂಡಿವ್ನಿ. ಬುಡ್ದೆ ಎಂಗೆ ವಾಪಸ್ ಓಗ್ಲಿ?" ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಗೂಡಿನ ಕಡೆ ಮತ್ತೊಮ್ಮೆ ನೋಡಿ, "ಬಾಣಂತಿ ಅಂತೀಯ. ಬಾಣಂತಿ ಶಾಪ ತಟ್ಟುದ್ರೆ ಅದೂ ಕಷ್ಟವೇಯ" ಎಂದು ಬಾಗಿನ ಇಳಿಸತೊಡಗಿದಳು.

ಗೆದ್ದೆವು ಎಂದುಕೊಂಡೆ. ಆಗ ಏರಿಯ ಮೇಲಿಂದ ನನ್ನವರ ದನಿ ಬಂತು. ತಿಳಿದದ್ದನ್ನು ಹೇಳದೆ ಒಂದು ನಿಮಿಷವೂ ಇರಲಾರದ ಜೀವ.

"ಅತ್ತೆ, ಒಂದು ಸಣ್ಣ ವಿಷಯ. ಅದು ಹೆಣ್ಣಲ್ಲ, ಗಂಡು. ದೇವನಕ್ಕಿಗಳಲ್ಲಿ ಹ್ಯಾಗೆ ಅಂದ್ರೆ, ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತೆ. ಕಾವು ಕೂರೋದು, ಮರಿ ಸಾಕೋದು ಎಲ್ಲ ಗಂಡೇ!"

ಆ ಕ್ಷಣದಲ್ಲಿ ನನ್ನವರನ್ನು ದುರ್ಬೀನಿನ ಸಮೇತ ಕೆರೆಗೆ ನೂಕಿಬಿಡೋಣ ಎನಿಸಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದು ನಕ್ಕರು. ನಂಜಕ್ಕ ಬಾಗಿನವನ್ನು ಮತ್ತೆ ಮೇಲೆತ್ತಿಕೊಂಡಳು.

"ಕೇಳುಸ್ಕಂಡ್ಯಾ ಸಾಕಕ್ಕ? ಬಾಣಂತಿನೂ ಇಲ್ಲ, ಗೀಣಂತಿನೂ ಇಲ್ಲ. ಗಂಡಸ್ಗೆ ಎಂಥ ಬಾಣಂತನ? ದಾರಿ ಬುಡು."

ಸಾಕತ್ತೆ ದಾರಿ ಬಿಡಲಿಲ್ಲ. ಏರಿಯ ಕಡೆ ನೋಡುತ್ತ ನಿಂತುಬಿಟ್ಟಳು. ನಾವೂ ತಿರುಗಿ ನೋಡಿದೆವು. ಚಿಕ್ಕೇಗೌಡ ಮಾವ ಬ್ಯಾರನ್‌ನಿಂದ ಎದ್ದು ಬಂದಿದ್ದರು, ಬೆನ್ನಿಗೆ ಔಷಧಿ ಮಿಷನ್ನು, ಮೆಟ್ಟಿಲಲ್ಲಿ ತೊಳೆದುಕೊಂಡು ಹೋಗಲು. ಹೆಂಗಸರನ್ನು ಕಂಡು ಅಲ್ಲೇ ತಡೆದು ನಿಂತಿದ್ದರು. 'ಗಂಡಸ್ಗೆ ಎಂಥ ಬಾಣಂತನ' ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ತಲೆ ತಗ್ಗಿಸಿಕೊಂಡು ಹಿಂದಕ್ಕೆ ತಿರುಗಿದರು.

"ಓಗ್ಬ್ಯಾಡಿ, ನಿಂತ್ಕಳಿ ಅಲ್ಲೇಯ" ಎಂದು ಅತ್ತೆ ಕೂಗಿದಳು. ಆಮೇಲೆ ಹೆಂಗಸರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಈ ಮಾತ ಈ ಮೆಟ್ಲು ಮುಂಚೇನೂ ಕೇಳಿಸ್ಕಂಡದೆ ಕಣ್ ನಂಜಿ. ನೀನಿನ್ನೂ ಈ ಊರ್ಗೆ ಬಂದಿರ್ಲಿಲ್ಲ. ನಾನು ಮೈಸೂರಲ್ಲಿ ಸಾಯದೋ ಬದುಕದೋ ಅಂತ ಬಿದ್ದಿದ್ದೆ. ಈ ವಯ್ಯ ಇಲ್ಲಿ ಕೂಸ್ನ ಎದೆ ಮ್ಯಾಲೆ ಮಲಗುಸ್ಕಂಡು ಒಳಲೇಲಿ ಆಲು ಕುಡುಸ್ತಿತ್ತು. ಇದೇ ಮೆಟ್ಲಲ್ಲಿ ಅದ್ರ ಬಟ್ಟೆ ಒಗೀತಿತ್ತು. ಊರೆಲ್ಲ ನಗಾಡ್ತು. ನಾನು ಬದುಕಿ ಬಂದೆ. ಆಗ ನಂಗೆ ಮಡ್ಲಕ್ಕಿ ತಂದೋರೆಷ್ಟು, ತುಪ್ಪ ತಂದೋರೆಷ್ಟು! ಕೂಸ್ನ ಉಳುಸ್ದೋರ್ಗೆ ಯಾರಾದ್ರೂ ಒಂದಿಡಿ ಅಕ್ಕಿ ತಂದ್ರಾ? ಇಲ್ಲ. ಬಾಣಂತನ ಮಾಡ್ದೋರು ಅವ್ರು, ಮಡ್ಲು ತುಂಬುಸ್ಕಂಡೋಳು ನಾನು." ಗೂಡಿನ ಕಡೆ ಕೈ ತೋರಿಸಿದಳು. "ಅದು ಗಂಡಾದ್ರೆ ಏನಾಯ್ತು? ಅದ್ರ ಕೆಳಗಿರದು ಮೊಟ್ಟೆ ಅಲ್ವಾ?"

ಬ್ಯಾರನ್ನಿನ ಹೊಗೆ ಏರಿ ದಾಟಿ ನೀರಿನ ಮೇಲೆ ಇಳಿಯುತ್ತಿತ್ತು. ದೇವನಕ್ಕಿ ಎದ್ದು, ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ತನ್ನ ಮೈಯ ಕಡೆಗೆ ಎಳೆದುಕೊಂಡು ಮತ್ತೆ ಕೂತಿತು. ನಂಜಕ್ಕ ಅದನ್ನು ನೋಡಿದಳು, ಏರಿಯ ಮೇಲಿದ್ದ ಮಾವನನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಬಾಗಿನದ ಮೇಲಿನ ಹಾಳೆಯನ್ನು ಬಿರ್ರನೆ ಹರಿದಳು.

"ಚಿಕ್ಕಣ್ಣ, ಆ ಮಿಸನ್ ಅಲ್ಲೇ ಮಡಗ್ಬುಟ್ಟು ಇಳ್ದು ಬನ್ನಿ" ಎಂದಳು.

ಮಾವ ಬರಲೋ ಬೇಡವೋ ಎಂದು ಬಂದರು. "ಏನ್ರವ್ವ ಇದು, ಅಬ್ಬದ ದಿನ ತಮಾಸೆ..." ಎಂದು ಗೊಣಗಿದರು.

"ತಮಾಸೆ ಅಲ್ಲ. ಟವಲ್ ಒಡ್ಡಿ."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು. ಹೆಗಲ ಮೇಲಿದ್ದ, ಹೊಗೆಸೊಪ್ಪಿನ ಅಂಟು ಹತ್ತಿ ಕಂದಿದ ಟವಲನ್ನು ಅವರು ಎರಡೂ ಕೈಯಲ್ಲಿ ಒಡ್ಡಿದರು. ನಂಜಕ್ಕ ಕವರು ಹರಿದು ಅಕ್ಕಿ ಸುರಿದಳು, ಮೇಲೆ ಒಂದು ಅಚ್ಚು ಬೆಲ್ಲ ಇಟ್ಟಳು, ಕಾಯಿ ಇಟ್ಟಳು. ನೀರಿನ ಕಡೆ ತಿರುಗಿ ಕೈಮುಗಿದು, "ಗಂಗವ್ವ, ನಿಂಗೆ ಬರ್ಬೇಕಾದ್ನ ಈ ಬಾಣಂತಿ ಮಡ್ಲಿಗೆ ಆಕಿವ್ನಿ. ನನ್ ಯಜಮಾನ್ರನ್ನ ನೋಡ್ಕವ್ವ" ಎಂದಳು.

ಅವಳ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಕೇರಿಯ ಸೊಸೆಯರು, ತವರಿಗೆ ಬಂದ ಹೆಣ್ಣುಮಕ್ಕಳು, ಎಲ್ಲರೂ ಸಾಲಾಗಿ ಆ ಮುದುಕರ ಟವಲಿಗೆ ಅಕ್ಕಿ ಸುರಿದರು. ನಾನೂ ನನ್ನ ಗಿಳಿಹಸಿರು ಮೊರದ ಕವರು ಬಿಚ್ಚಿದೆ. ಹಿಂದೆ ಜೋಗುಳ ಹಾಡಿದ ಮಕ್ಕಳಲ್ಲಿ ನಾನೂ ಒಬ್ಬಳೆಂದು ಮಾವನಿಗೆ ನೆನಪಿತ್ತೋ ಇಲ್ಲವೋ, ನಾನು ಅಕ್ಕಿ ಸುರಿಯುವಾಗ ಬಗ್ಗಿ ನನ್ನ ಮುಖ ನೋಡಿ ನಕ್ಕರು. ಟವಲು ಭಾರವಾಗಿ ಕೆಳಕ್ಕೆ ಜಗ್ಗುತ್ತಿತ್ತು. ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಸಾಕತ್ತೆಯೇ ಹೋಗಿ ಸೆರಗಿನಿಂದ ಒರೆಸಿದಳು. ಎಲ್ಲರ ಮುಂದೆ ಅವಳು ಅವರ ಮೈಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ದಿನ ಕೆರೆಗೆ ಬಿದ್ದದ್ದು ಹೂವಿನ ನಾಲ್ಕು ಎಸಳು ಮಾತ್ರ. ಮಡಿಲಕ್ಕಿಯಲ್ಲಿ ಅತ್ತೆ ಪಾಯಸ ಮಾಡಿ ಕೇರಿಗೆಲ್ಲ ಹಂಚಿದಳು. ನನ್ನವರು ಎರಡು ಲೋಟ ಕುಡಿದು, "ನಾನು ಹೇಳಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆಗಿದ್ದು" ಎಂದರು. ಆ ಮಾತಿನಲ್ಲಿ ಸುಳ್ಳಿಲ್ಲದ್ದರಿಂದ ನನಗೆ ಇನ್ನೂ ಸಿಟ್ಟು ಬಂತು. ಖಾಲಿ ಮೊರವನ್ನು ಎಲ್ಲಿ ಬಿಸಾಡಲೂ ಮನಸ್ಸು ಬಾರದೆ ಬ್ಯಾಗಿಗೆ ಹಾಕಿಕೊಂಡು ಕೆ.ಆರ್. ನಗರಕ್ಕೆ ತಂದೆ. ಈ ವರ್ಷ ಪಿರಿಯಾಪಟ್ಟಣದಿಂದ ಬಿದಿರಿನ ಮೊರ ತರಿಸಬೇಕೆಂದು ನಂಜಕ್ಕನೇ ಫೋನು ಮಾಡಿ ಅಪ್ಪಣೆ ಕೊಡಿಸಿದ್ದಾಳೆ. ಬಾಗಿನವನ್ನು ನೀರಿಗೆ ಬಿಡುವ ಹಾಗಿಲ್ಲ, ಮೆಟ್ಟಿಲ ಮೇಲೆ ಪೂಜೆ ಮಾಡಿ ಬಾಣಂತಿಯಿರುವ ಮನೆಗೆ ಕೊಡಬೇಕಂತೆ. ಹೊಸ ಶಾಸ್ತ್ರ ಇಷ್ಟು ಬೇಗ ಹಳೆಯ ಶಾಸ್ತ್ರವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾವ ಈಗ ಮಿಷನ್ನನ್ನು ಕೆರೆಗೆ ಒಯ್ಯುವುದಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತುಕೊಂಡು ಹೋಗಿ ಹೊಲದ ಮೂಲೆಯಲ್ಲಿ ತೊಳೆಯುತ್ತಾರೆ. ಬೇರೆಯವರು ಮಿಷನ್ ಹೊತ್ತು ಬಂದರೆ ಏನೂ ಹೇಳುವುದಿಲ್ಲವಂತೆ, ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಾರಂತೆ. ಬಂದವರು ತಾವಾಗಿ ಹಿಂದಕ್ಕೆ ಹೋಗುತ್ತಾರಂತೆ.

ಹೋದ ವರ್ಷದ ಆ ಹಬ್ಬ ಕಳೆದು ಎರಡು ವಾರವಾಗಿತ್ತೇನೋ. ಬೆಳಿಗ್ಗೆ ಕಸ ಗುಡಿಸುತ್ತಿದ್ದೆ, ಒಂದು ಕೈಯಲ್ಲಿ ಪೊರಕೆ, ಒಂದು ಕೈಯಲ್ಲಿ ಇದೇ ಮೊರ. ಸಾಕತ್ತೆಯ ನಂಬರಿನಿಂದ ಫೋನು ಬಂತು. ಎತ್ತಿದರೆ ಅತ್ತೆಯಲ್ಲ, ಮಾವ. ನನ್ನ ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನೊಡನೆ ಫೋನಿನಲ್ಲಿ ಮಾತಾಡಿದ್ದೇ ಇಲ್ಲ. ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. "ಏನಾಯ್ತು ಮಾವ? ಅತ್ತೆ ಹುಷಾರಾಗಿದ್ದಾಳಾ?" ಎಂದೆ.

"ಅವ್ಳಿಗೇನಾಗದೆ, ಉಲ್ಗೆ ಓಗವ್ಳೆ" ಎಂದರು. ಆಮೇಲೆ, ಮಲಗಿದ ಕೂಸು ಎದ್ದೀತೆಂಬ ಹಾಗೆ ದನಿ ತಗ್ಗಿಸಿ, "ನಾಕೂ ಮರಿ ಆದ್ವು ಕಣಮ್ಮಿ. ಅವ್ರಪ್ಪನ ಇಂದಿಂದೇಯ ನಡೀತಾವೆ. ಒಂದ್ ಎಲೆನೂ ಮುಳುಗ್ತಿಲ್ಲ" ಎಂದು ಹೇಳಿ ಫೋನು ಇಟ್ಟುಬಿಟ್ಟರು.